ಮೊಮ್ಮಗಳ ‘ಳ’ ವಾಪಸು ಕೊಡುವ ಬಗ್ಗೆ

ರಾಜಧಾನಿ ಕನ್ನಡ ಕಿರುಚಿತ್ರೋತ್ಸವ ಸಮಿತಿಯ ಅಧ್ಯಕ್ಷರೂ, ನಿವೃತ್ತ ಉಪಕಾರ್ಯದರ್ಶಿಗಳೂ, ಶಾಲು ಹೊದಿಸುವ ಕಲೆಯಲ್ಲಿ ಯಮುನೆಯ ಎರಡೂ ದಡಗಳಲ್ಲಿ ಸಾಟಿಯಿಲ್ಲದವರೂ ಆದ ಶ್ರೀಮಾನ್ ಹೃಷಿಕೇಶ್ ಅವರ ಸನ್ನಿಧಿಗೆ, ಮುನಿರ್ಕಾದ ನಾಲ್ಕನೇ ಮಹಡಿಯಿಂದ ಚಂದ್ರಮೋಹನನು ಮಾಡುವ ನಮಸ್ಕಾರಗಳು.

ಮಾನ್ಯರೇ,

ಈ ಕಾಗದ ಬರೆಯುವ ಆಸೆ ನನಗೆ ಎಳ್ಳಷ್ಟೂ ಇರಲಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೂವತ್ತೆಂಟು ವರ್ಷ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ದಫ್ತರಿಯಾಗಿ, ತಮ್ಮಂಥ ದೊಡ್ಡವರು ಬರೆದ ಕಾಗದಗಳಿಗೆ ತೂತು ಹೊಡೆದು, ದಾರ ಪೋಣಿಸಿ, ಕಡತ ಕಟ್ಟಿದವನೇ ಹೊರತು ಸ್ವಂತಕ್ಕೆ ಒಂದು ಪುಟ ಬರೆದವನಲ್ಲ. ಆದರೆ ಕಳೆದ ತಿಂಗಳು ತಾವು ನನ್ನ ಮೊಮ್ಮಗಳ ಬಾಯಿಂದ ಅವಳ ದನಿಯನ್ನು ತೆಗೆದು, ಆ ಜಾಗದಲ್ಲಿ ಯಂತ್ರದ ದನಿಯನ್ನು ಕೂರಿಸಿ, ಆ ಯಂತ್ರಕ್ಕೆ ಸಲ್ಲಬೇಕಾದ ಬಹುಮಾನವನ್ನು ಮಗುವಿನ ಕೈಗೆ ಕೊಟ್ಟು ಕಳಿಸಿದ ಮೇಲೆ, ಇದರ ಬಗ್ಗೆ ಎರಡು ಸಲ ಮುಚ್ಚಿದ ಲಕೋಟೆಯಲ್ಲಿ ಬರೆದೆ. ಎರಡಕ್ಕೂ ಉತ್ತರವಿಲ್ಲ. ಮುಚ್ಚಿದ ಲಕೋಟೆಯನ್ನು ಒಡೆಯುವ ಶ್ರಮ ತಮಗೆ ಆಗುವುದಿಲ್ಲವೇನೋ ಎಂದು, ಈ ಮೂರನೆಯದನ್ನು ತೆರೆದೇ ಬರೆಯುತ್ತಿದ್ದೇನೆ. ಬೆರಳಿನ ಗಂಟುಗಳು ನೋಯುತ್ತಿವೆ, ಅದರ ಪಾಪವೂ ತಮಗೇ ಇರಲಿ.

ಮೊದಲು ಅಭಿನಂದನೆ. ಫೆಬ್ರವರಿ ಎಂಟರ ಭಾನುವಾರ ತಾವು ನಡೆಸಿದ ಉತ್ಸವದಂಥದ್ದನ್ನು ದೆಹಲಿಗೆ ಬಂದ ಈ ಐವತ್ತಾರು ವರ್ಷಗಳಲ್ಲಿ ನಾನು ಕಂಡಿಲ್ಲ. ಬಾಗಿಲಲ್ಲೇ ಕಟ್ಟಿದ್ದ ಬ್ಯಾನರಿನಲ್ಲಿ ಜಾಗ ಸಾಲದೆ ‘ಕಿರುಚಿ’ ಎಂದು ಮೇಲಿನ ಸಾಲಿನಲ್ಲಿ, ‘ತ್ರೋತ್ಸವ’ ಎಂದು ಕೆಳಗಿನ ಸಾಲಿನಲ್ಲಿ ಬರೆಸಿದ್ದಿರಿ. ಬಂದವರು ಮೊದಲ ಸಾಲನ್ನು ಆಜ್ಞೆಯೆಂದು ತಿಳಿದು ಕಿರುಚದೆ ಇದ್ದದ್ದು ದೆಹಲಿ ಕನ್ನಡಿಗರ ಸಂಯಮಕ್ಕೆ ಸಾಕ್ಷಿ. ಸ್ಪರ್ಧೆಗೆ ಬಂದ ಚಿತ್ರಗಳು ಹತ್ತು, ತಾವು ಕೊಟ್ಟ ಪ್ರಶಸ್ತಿಗಳು ಹದಿನೇಳು. ‘ತೀರ್ಪುಗಾರರ ಮೆಚ್ಚುಗೆ’ ಒಂದು, ‘ತೀರ್ಪುಗಾರರ ವಿಶೇಷ ಮೆಚ್ಚುಗೆ’ ಒಂದು, ಇವೆರಡೂ ದಕ್ಕದವನಿಗೆ ‘ಭರವಸೆಯ ಹೆಜ್ಜೆ’ ಮತ್ತೊಂದು. ಯಾರೂ ಬರಿಗೈಯಲ್ಲಿ ಹೋಗಬಾರದೆಂಬುದು ಮದುವೆಮನೆಯ ತಾಂಬೂಲದ ನಿಯಮ. ಅದನ್ನು ಕಲೆಗೂ ಅನ್ವಯಿಸಿದ ಮೊದಲಿಗರು ತಾವೇ ಇರಬೇಕು. ಮೈಸೂರು ಪೇಟ ಮಾತ್ರ ಒಂದೇ ಇತ್ತು. ಒಬ್ಬರ ತಲೆಗೆ ತೊಡಿಸುವುದು, ಫೋಟೊ ತೆಗೆಯುವುದು, ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಅದನ್ನು ಕಿತ್ತು ಮುಂದಿನವರ ತಲೆಗೆ ಇಡುವುದು. ಹದಿನೇಳು ತಲೆಗಳ ಎಣ್ಣೆಯನ್ನು ಒಂದೇ ಸಂಜೆಯಲ್ಲಿ ಕುಡಿದ ಆ ಪೇಟಕ್ಕೆ ಒಂದು ಜೀವಮಾನ ಸಾಧನೆಯ ಪ್ರಶಸ್ತಿ ಕೊಡಲು ತಾವು ಮರೆತಿರಿ.

ತಮ್ಮ ಭಾಷಣವನ್ನೂ ಮರೆಯಲಾರೆ. ‘ಎಲ್ಲರಿಗೂ ಆರ್ದಿಕ ಸ್ವಾಗತ’ ಎಂದು ತಾವು ಶುರುಮಾಡಿದಾಗ, ಆರ್ಥಿಕ ಎಂದು ಕೇಳಿಸಿಕೊಂಡ ನನ್ನ ಹಿಂದಿನ ಸಾಲಿನವರು ಏನೋ ಕೈಗೆ ಬರುತ್ತದೆಂದು ನೆಟ್ಟಗೆ ಕೂತರು. ‘ಈ ಸಲ ಅತ್ತು ಚಿತ್ರಗಳು ಬಂದಿವೆ’ ಎಂದಿರಿ. ಯಾಕೆ ಅತ್ತವು, ಯಾರು ಹೊಡೆದರು ಎಂದು ನನ್ನ ಪಕ್ಕದ ಹೆಂಗಸು ಇಂದಿರಾ ತಮ್ಮ ಗಂಡನನ್ನು ಕೇಳಿದರು. ಗಂಡ, ‘ಸುಮ್ನಿರೇ, ಅವರು ನಮ್ಮ ಕಡೆಯೋರು, ಹ ಬರಲ್ಲ ಅಷ್ಟೆ’ ಎಂದರು. ನಾನು ನಗಲಿಲ್ಲ. ತಮ್ಮ ನಾಲಿಗೆಗೆ ‘ಹ’ ಒಗ್ಗದಿದ್ದರೆ ಅದು ತಮ್ಮ ಊರು ತಮಗೆ ಕೊಟ್ಟದ್ದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸುಮ್ಮನೆ ಬಿಡುತ್ತಿದ್ದೆ. ಆದರೆ ತಮ್ಮ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದ ಮಗುವಿನ ಎಲೆಯಲ್ಲಿ ಮೂರು ನೊಣ ಎಣಿಸಿದ್ದೀರಿ ಎಂಬ ಸಂಗತಿ ಆಮೇಲೆ ತಿಳಿಯಿತು. ಅದನ್ನೇ ಈಗ ವಿವರವಾಗಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನನ್ನ ಮೊಮ್ಮಗಳ ಹೆಸರು ಧಾರಿಣಿ, ವಯಸ್ಸು ಹತ್ತು. ಅವಳ ತಾಯಿ, ಅಂದರೆ ನನ್ನ ಮಗಳು ಸರಳಾ, ಗುರುಗ್ರಾಮದ ಆಫೀಸಿಗೆ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವಳಾದ್ದರಿಂದ ಮಗು ಬೆಳೆದದ್ದು ನನ್ನ ಹತ್ತಿರವೇ. ದೆಹಲಿಯಲ್ಲಿ ಹುಟ್ಟಿದ ಮಕ್ಕಳ ಸ್ಥಿತಿ ತಮಗೂ ಗೊತ್ತು. ಕನ್ನಡ ಕಿವಿಯೊಳಗೆ ಹೋಗುತ್ತದೆ, ಬಾಯಿಂದ ಬರುವಾಗ ಹಿಂದಿಯಾಗಿ ಬರುತ್ತದೆ. ‘ಳ’ ಎಂಬ ಅಕ್ಷರ ಅವಳ ಶಾಲೆಯಲ್ಲಿ ಇಲ್ಲ, ಆಟದ ಮೈದಾನದಲ್ಲಿ ಇಲ್ಲ, ಟಿವಿಯಲ್ಲಿ ಇಲ್ಲ. ತಾಯಿಯ ಹೆಸರು ಕೇಳಿದರೆ ‘ಸರಲಾ’ ಎನ್ನುತ್ತಿದ್ದಳು. ‘ಹೇಳು’ ಎಂಬುದನ್ನು ಅವಳು ಹೇಳುತ್ತಿದ್ದ ರೀತಿಯನ್ನು ತಮ್ಮಂಥ ಸಭ್ಯರಿಗೆ ಬರೆಯುವ ಕಾಗದದಲ್ಲಿ ಕಾಣಿಸಲಾರೆ, ತಾವೇ ಊಹಿಸಿಕೊಳ್ಳಿ. ಊರಿಂದ ಬಂದ ನೆಂಟರೆದುರು ‘ತಾತಾ, ಕಥೆ’ ಎಂದು ಶುರುಮಾಡಿ ಮುಂದಿನ ಆ ಪದವನ್ನು ಅವಳು ಅಂದ ದಿನ, ಬಾಯಲ್ಲಿ ಕಾಫಿ ಇದ್ದವರೆಲ್ಲ ಅದನ್ನು ಮೂಗಿನಿಂದ ಹೊರಹಾಕಿದರು.

ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಯಶವಂತ್ ಎಂಬ ಹುಡುಗ, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಏನೋ ಸಂಶೋಧನೆ ಮಾಡುವವನು, ಕಳೆದ ಆಗಸ್ಟಿನಲ್ಲಿ ಬಂದು, ‘ತಾತ, ಒಂದು ಕಿರುಚಿತ್ರ ಮಾಡ್ತಿದೀನಿ, ಧಾರಿಣಿನ ಕೊಡ್ತೀರಾ’ ಎಂದ. ಚಿತ್ರದ ಹೆಸರು ‘ಒಂದು ಡಜನ್ ಬಾಳೆಹಣ್ಣು’. ಅಜ್ಜಿಯ ಪೂಜೆಗೆ ಹಣ್ಣು ತರಲು ಬೀದಿಗಿಳಿದ ಹುಡುಗಿ, ದಾರಿಯಲ್ಲಿ ಕಂಡವರಿಗೆಲ್ಲ ಒಂದೊಂದು ಕೊಟ್ಟು, ಕೊನೆಗೆ ಒಂದೇ ಹಣ್ಣು ಹಿಡಿದು ನಾಲ್ಕು ಮಹಡಿ ಹತ್ತಿ ಬಂದು ‘ಅಜ್ಜಿ, ಉಳಿದಿದ್ದು ಇದೊಂದೇ’ ಎನ್ನುವುದು, ಇಷ್ಟೇ ಕಥೆ. ಅವಳ ಪಾಲಿನ ಮಾತುಗಳನ್ನು ಓದಿ ನೋಡಿದೆ. ಹದಿನಾಲ್ಕು ನಿಮಿಷದ ಚಿತ್ರದಲ್ಲಿ ಇಪ್ಪತ್ತೊಂದು ‘ಳ’ ಇದ್ದವು. ‘ಲೋ, ಇವಳ ಬಾಯಲ್ಲಿ ಇದೆಲ್ಲ ಬಾಲೆಹಣ್ಣಾಗುತ್ತೆ, ಬೇರೆ ಮಗು ನೋಡ್ಕೋ’ ಎಂದೆ. ಬಾಗಿಲ ಹಿಂದೆ ನಿಂತಿದ್ದವಳು ಅದನ್ನು ಕೇಳಿಸಿಕೊಂಡಳು. ಮಾರನೆಯ ದಿನ ಬಂದು ನನ್ನೆದುರು ಬಾಯಿ ತೆರೆದು ಕೂತು, ‘ಸಿಖಾವೋ’ ಎಂದಳು, ಕಲಿಸು ಎಂದು.

ಮಾನ್ಯರೇ, ‘ಳ’ ಕಲಿಸುವುದೆಂದರೆ ಏನೆಂದು ತಾವು ಎಂದೂ ತಿಳಿಯುವ ಪ್ರಸಂಗ ಬಂದಿರಲಾರದು. ನಾಲಿಗೆಯನ್ನು ಮೇಲಕ್ಕೆ ಮಡಿಚು, ಅಂಗುಳಕ್ಕೆ ತಾಗಿಸು, ಆಮೇಲೆ ಬಿಡು ಎಂದು ನಾನು ತಿಂಗಳಾನುಗಟ್ಟಲೆ ಹೇಳಿದೆ. ಬೇಳೆ ಡಬ್ಬಿ ಎದುರಿಗಿಟ್ಟು ‘ಬೇಳೆ’ ಅನ್ನಿಸಿದರೆ ಒಂದು ಸಲ ‘ಬೇಲೆ’, ಇನ್ನೊಂದು ಸಲ ‘ಬೇಡೆ’. ನನಗೆ ಮೊದಲೇ ಮುಂಗೋಪ. ಒಂದು ದಿನ ಡಬ್ಬಿಯನ್ನೇ ಎತ್ತಿ ಕುಕ್ಕಿದೆ, ಬೇಳೆಯೆಲ್ಲ ಚೆಲ್ಲಿತು, ಅದನ್ನು ಆರಿಸುತ್ತಾ ಆರಿಸುತ್ತಾ ಅವಳು ಮತ್ತೆ ‘ಬೇಲೆ, ಬೇಲೆ’ ಎಂದು ಗೊಣಗುತ್ತಲೇ ಇದ್ದಳು. ಕೊನೆಗೆ ಕಲಿಸಿದವನು ನಾನಲ್ಲ. ನಮಗೆ ಹಾಲು ಹಾಕುವ ರಾಮ್‌ಫಲ್ ಎಂಬ ಹರಿಯಾಣದ ಮುದುಕನೊಬ್ಬನಿದ್ದಾನೆ. ಅವನಿಗೂ ಕನ್ನಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಅವರ ಭಾಷೆಯಲ್ಲಿ ಈ ಅಕ್ಷರ ನಮ್ಮಲ್ಲಿರುವಷ್ಟೇ ಗಟ್ಟಿಯಾಗಿದೆ ಎಂಬುದನ್ನು ಐವತ್ತಾರು ವರ್ಷದಲ್ಲಿ ನಾನು ಗಮನಿಸಿರಲಿಲ್ಲ, ಮಗು ಗಮನಿಸಿದಳು. ಅವನು ಕೆಳಗೆ ನಿಂತು ‘ಅರೀ ಬಾಳಕ, ತಾವಳೀ ಆ’ ಎಂದು ಕೂಗುತ್ತಾನೆ. ಮಗೂ, ಬೇಗ ಬಾ ಎಂದರ್ಥ. ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿ ಬಂದವಳು ‘ಬಾಳಕ, ಬಾಳಕ, ಬಾಳೆ, ಬಾಳೆಹಣ್ಣು’ ಎಂದು ಹೇಳಿಕೊಂಡೇ ಒಳಗೆ ಬಂದಳು. ನಾನು ಪೇಪರ್ ಕೆಳಗಿಟ್ಟೆ. ಇನ್ನೊಂದು ಸಲ ಹೇಳು ಎಂದೆ. ಹೇಳಿದಳು. ಆಮೇಲೆ ತಾಯಿಗೆ ಫೋನ್ ಮಾಡಿ, ಮೀಟಿಂಗಿನಲ್ಲಿದ್ದವಳಿಗೆ, ‘ಅಮ್ಮಾ, ನಿನ್ನ ಹೆಸರು ಸರಳಾ’ ಎಂದು ಹೇಳಿ ಫೋನ್ ಇಟ್ಟಳು.

ನವೆಂಬರಿನಲ್ಲಿ ಚಿತ್ರೀಕರಣವಾಯಿತು. ಇಪ್ಪತ್ತೊಂದು ‘ಳ’ಗಳಲ್ಲಿ ಹದಿನೆಂಟು ಗಟ್ಟಿಯಾಗಿ ಬಂದವು, ಮೂರು ಜಾರಿದವು. ಓಡುತ್ತಾ ಹೇಳುವ ಕಡೆ ಜಾರಿದವು, ಅದು ಸಹಜ. ಯಶವಂತ್ ಅದನ್ನು ಹಾಗೆಯೇ ಇಟ್ಟ. ಇಟ್ಟದ್ದನ್ನು ತಮ್ಮ ಸಮಿತಿಗೆ ಕಳಿಸಿದ. ತಾವು ಸ್ವಹಸ್ತದಿಂದ ಅವನಿಗೆ ಉತ್ತರ ಬರೆದಿರಿ. ತಮಗೆ ಉತ್ತರ ಬರೆಯಲು ಬರುತ್ತದೆ ಎಂಬುದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಇದೊಂದೇ. ‘ಮೂರು ಕಡೆ ಬಾಲನಟಿಯ ಳಕಾರ ದೋಷಯುಕ್ತವಾಗಿದ್ದು, ಇದು ತಾಯ್ನುಡಿಗೆ ಅಪಚಾರವಾದ್ದರಿಂದ, ಐದು ದಿನದೊಳಗೆ ಧ್ವನಿಯನ್ನು ಸರಿಪಡಿಸಿ ಕಳಿಸದಿದ್ದಲ್ಲಿ ಚಿತ್ರವನ್ನು ಸ್ಪರ್ಧೆಗೆ ಪರಿಗಣಿಸಲಾಗುವುದಿಲ್ಲ’ ಎಂದು ಅದರಲ್ಲಿದೆ. ಮಗುವಿಗೆ ಆಗ ಗಂಟಲು ಕಟ್ಟಿ ಜ್ವರ. ಹುಡುಗ ನಮ್ಮನ್ನು ಕೇಳಲಿಲ್ಲ. ಕಂಪ್ಯೂಟರಿನಲ್ಲಿ ಮಾತು ಟೈಪ್ ಮಾಡಿದರೆ ಮಗುವಿನ ದನಿಯಲ್ಲಿ ಹೇಳುವ ಒಂದು ಆ್ಯಪ್ ಇದೆಯಂತೆ, ಅದರಿಂದ ಅವಳ ಮಾತುಗಳನ್ನೆಲ್ಲ, ಮೂರನ್ನಷ್ಟೇ ಅಲ್ಲ, ಎಲ್ಲವನ್ನೂ, ಹೊಸದಾಗಿ ಹೇಳಿಸಿ ಕಳಿಸಿಬಿಟ್ಟ. ಕಾರ್ಯಕ್ರಮದ ಮಾರನೆಯ ದಿನ ಬಂದು, ನಮ್ಮ ಹೊಸ್ತಿಲಾಚೆಯೇ ನಿಂತು, ‘ನನ್ನ ಮೊದಲ್ನೇ ಚಿತ್ರ ತಾತ, ಬಿಟ್ಟುಕೊಡೋಕೆ ಮನಸ್ಸು ಬರ್ಲಿಲ್ಲ’ ಎಂದ. ಅವನಿಗೆ ಕೊಡಬೇಕಾದ್ದನ್ನು ನಾನು ಬಾಯಲ್ಲಿ ಕೊಟ್ಟಿದ್ದೇನೆ, ಅದು ಆ ಹೊಸ್ತಿಲಿಗೇ ಮುಗಿಯಿತು. ತಮಗೆ ಕೊಡಬೇಕಾದ್ದು ಮಾತ್ರ ಬಾಕಿ ಇದೆ.

ಆ ಸಂಜೆ ಧಾರಿಣಿ ಜರಿಯ ಲಂಗ ಉಟ್ಟು, ಹೌಜ್ ಖಾಸ್‌ನಿಂದ ಬಂದಿದ್ದ ತನ್ನ ನಾಲ್ಕು ಗೆಳತಿಯರನ್ನು ಎರಡನೇ ಸಾಲಿನಲ್ಲಿ ಕೂರಿಸಿಕೊಂಡು, ‘ಅಬ್ ಸುನ್‌ನಾ, ಅಬ್ ಸುನ್‌ನಾ’, ಈಗ ಕೇಳಿ, ಈಗ ಕೇಳಿ ಎನ್ನುತ್ತಿದ್ದಳು. ಪರದೆಯ ಮೇಲೆ ಅವಳ ಬಾಯಿ ತೆರೆಯಿತು. ಬಂದ ದನಿ ಬೇರೆ. ‘ಳ’ ಬಹಳ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ನಾಲ್ಕು ಮಹಡಿ ಓಡಿ ಹತ್ತಿ ಬಂದ ಹುಡುಗಿ ಒಂದು ಏದುಸಿರೂ ಬಿಡದೆ, ಮುಂದಿನ ನಿಲ್ದಾಣದಲ್ಲಿ ಬಾಗಿಲು ಎಡಕ್ಕೆ ತೆರೆಯುತ್ತದೆ ಎಂದು ಮೆಟ್ರೋದಲ್ಲಿ ಹೇಳುತ್ತಾರಲ್ಲ, ಆ ಶೈಲಿಯಲ್ಲಿ ‘ಅಜ್ಜಿ, ಉಳಿದಿದ್ದು ಇದೊಂದೇ’ ಎಂದಳು. ಗೆಳತಿಯರು ಚಪ್ಪಾಳೆ ತಟ್ಟಿದರು. ಇವಳು ನನ್ನ ತೋಳು ಹಿಡಿದು, ‘ತಾತಾ, ಯೇ ಮೈಂ ನಹೀಂ ಹೂಂ’ ಎಂದಳು, ಇದು ನಾನಲ್ಲ ಎಂದು. ನನಗೂ ಏನೂ ಗೊತ್ತಿರಲಿಲ್ಲ. ಸುಮ್ಮನಿರು ಎಂದೆ.

ಅಷ್ಟರಲ್ಲಿ ತಾವು ಮೈಕು ಹಿಡಿದು, ‘ಬನ್ನಿ, ವಿಜೇತರನ್ನು ಸಂಭ್ರಮಿಸೋಣ’ ಎಂದು, ‘ದಿಲ್ಲಿಯಲ್ಲೇ ಉಟ್ಟಿ ಬೆಳೆದ ಈ ಉಡುಗಿಯ ಸ್ಪಷ್ಟ ಕನ್ನಡ ಕೇಳಿ ನಮ್ಮ ಮಕ್ಕಳು ನಾಚಬೇಕು’ ಎಂದು, ಅತ್ಯುತ್ತಮ ಉಚ್ಚಾರಣೆಯ ಪ್ರಶಸ್ತಿಯನ್ನು ಘೋಷಿಸಿದಿರಿ. ದನಿ ಬದಲಿಸಿ ಎಂದು ಬರೆದ ಕೈಯೂ ಅದೇ, ದನಿಗೆ ಫಲಕ ಕೊಟ್ಟ ಕೈಯೂ ಅದೇ. ವೇದಿಕೆಯ ಮೇಲೆ ಅವಳ ತಲೆಗೆ ಪೇಟ ಇಟ್ಟರು, ಅದು ಜಾರಿ ಮೂಗಿನವರೆಗೆ ಬಂತು, ಸಭೆ ನಕ್ಕಿತು. ‘ಎರಡು ಮಾತಾಡಮ್ಮಾ’ ಎಂದು ತಾವು ಮೈಕನ್ನು ಅವಳ ಬಾಯಿಗೆ ಹಿಡಿದಿರಿ. ಅವಳು ತುಟಿ ಬಿಚ್ಚಲಿಲ್ಲ. ‘ನಾಚಿಕೆ ಪಾಪ, ಮುದ್ದು ಮಗು’ ಎಂದಿರಿ. ನಾಚಿಕೆಯಲ್ಲ ಮಾನ್ಯರೇ, ಪೇಟದ ಕೆಳಗೆ ಅವಳು ಅಳುತ್ತಿದ್ದಳು. ಮೊದಲ ಸಾಲಿನಲ್ಲಿದ್ದ ಗಣ್ಯರಿಗೆ ಕಾಣಿಸದಿದ್ದರೆ ಅದು ಪೇಟದ ದೋಷವೆಂದೇ ಇಟ್ಟುಕೊಳ್ಳೋಣ.

ಇಂದಿಗೆ ಇಪ್ಪತ್ತಮೂರು ದಿನ. ಅಂದಿನಿಂದ ಧಾರಿಣಿ ಮನೆಯಲ್ಲಿ ಕನ್ನಡ ಆಡಿಲ್ಲ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಒಂದು ದಿನ ಕಾರಣ ಕೇಳಿದ್ದಕ್ಕೆ, ‘ಮಶೀನ್ ಸೇ ಬುಲ್ವಾ ಲೋ’ ಎಂದಳು, ಯಂತ್ರದಿಂದ ಹೇಳಿಸಿಕೋ ಎಂದು. ಬೇಳೆಯನ್ನು ‘ದಾಲ್’ ಎನ್ನುತ್ತಾಳೆ. ರಾಮ್‌ಫಲ್ ಕೂಗಿದರೆ ಹಾಲಿಗೆ ನಾನೇ ಇಳಿಯಬೇಕು. ಮೂರು ತಿಂಗಳಲ್ಲಿ ಬಂದ ಅಕ್ಷರ ಮೂರು ನಿಮಿಷದ ಸನ್ಮಾನದಲ್ಲಿ ಹೋಯಿತು. ಕನ್ನಡ ಉಳಿಸಿ ಬೆಳೆಸುವ ಕಾರ್ಯಕ್ರಮಗಳು ಇಷ್ಟು ವೇಗವಾಗಿ ಫಲ ಕೊಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆದ್ದರಿಂದ ಸಮಿತಿಯ ಘನತೆಗೆ ತಕ್ಕಂತೆ ಕೆಲವು ಬೇಡಿಕೆಗಳನ್ನು ಇಡುತ್ತಿದ್ದೇನೆ. ಪ್ರಶಸ್ತಿ ಯಾರದೋ ಅವರಿಗೆ ಸಲ್ಲಬೇಕು. ತಾವು ದಯಮಾಡಿ ಆ ಯಂತ್ರವನ್ನು ಹುಡುಕಿಸಿ, ವೇದಿಕೆಗೆ ಕರೆತಂದು, ಅದರ ತಲೆ ಯಾವುದೆಂದು ವಿಚಾರಿಸಿ ಪೇಟ ತೊಡಿಸಬೇಕು. ಶಾಲು ಹೊದಿಸಿದರೆ ಬಿಸಿಯೇರಿ ಕೆಟ್ಟುಹೋಗುವುದೋ ಏನೋ, ಬಲ್ಲವರನ್ನು ಕೇಳಿ. ಹಣ್ಣಿನ ಬುಟ್ಟಿ ಕೊಡಲೇಬೇಕು, ಸೇಬನ್ನು ಅದರ ಯಾವ ಬದಿಯಿಂದ ಉಣಿಸುವುದೆಂಬುದನ್ನು ಉಪಸಮಿತಿಗೆ ಬಿಡಬಹುದು. ಬಾಲಪ್ರತಿಭೆಯನ್ನು ಹೆತ್ತ ತಾಯಿಗೆ ಅರಿಶಿನ ಕುಂಕುಮ ಕೊಟ್ಟು ಸೀರೆ ಉಡಿಸುವುದು ನಮ್ಮ ಪದ್ಧತಿಯಾದ್ದರಿಂದ ಯಂತ್ರದ ತಾಯಿಯನ್ನೂ ಪತ್ತೆ ಮಾಡಬೇಕು. ಮುಂದಿನ ವರ್ಷದಿಂದ ತಮ್ಮ ಸ್ವಾಗತ ಭಾಷಣವನ್ನೂ ಅದೇ ಮಾಡಲಿ. ‘ಹ’ ಇರಬೇಕಾದ ಕಡೆಯೆಲ್ಲ ಇರುತ್ತದೆ, ಹತ್ತು ಚಿತ್ರಗಳು ಅಳದೆ ಬರುತ್ತವೆ. ತಾವು ಪಕ್ಕದಲ್ಲಿ ನಿಂತು ಬಾಯಿ ಆಡಿಸಿದರೆ ಸಾಕು. ಆಮೇಲೆ ಅತ್ಯುತ್ತಮ ಅಧ್ಯಕ್ಷರೆಂದು ತಮಗೊಂದು ಫಲಕ ಕೊಡೋಣ, ತಮಗೆ ಅದು ಹೇಗಿರುತ್ತದೆಂದು ಮನೆಗೆ ಬಂದು ಕೇಳಿಕೊಂಡು ಹೋಗುತ್ತೇನೆ.

ಫಲಕದ ಮಾತು ಬಂತು. ಧಾರಿಣಿಗೆ ಕೊಟ್ಟ ಗಾಜಿನ ಫಲಕದ ಮೇಲೆ ‘ಅತ್ಯುತ್ತಮ ಉಚ್ಛಾರಣೆ’ ಎಂದು ಕೆತ್ತಿಸಿದ್ದೀರಿ, ಚಕಾರದ ಅಡಿಯಲ್ಲಿ ಬೇಡದ ಮಹಾಪ್ರಾಣವೊಂದು ಕೂತಿದೆ. ಅನುಮಾನ ಬಂದು ಎರಡು ನಿಘಂಟು ತೆಗೆದು ನೋಡಿದೆ. ಆರನೇ ಕ್ಲಾಸಿನವನು ನೋಡಬೇಕಾಯಿತು. ಉಚ್ಚಾರಣೆ ಎಂದು ಬರೆಯಲು ಬಾರದವರು ಉಚ್ಚಾರಣೆಗೆ ಬಹುಮಾನ ಕೊಟ್ಟಿದ್ದೀರಿ. ಇರಲಿ, ಅದು ಕೂಡ ಮೂರು ‘ಳ’ದಷ್ಟೇ ಸಣ್ಣ ತಪ್ಪು, ನಾನು ಐದು ದಿನದ ಗಡುವು ಕೊಡುವುದಿಲ್ಲ.

ತಮ್ಮ ಕಾರ್ಯದರ್ಶಿ ಏಕನಾಥ ಅವರಿಗೆ ನಾಲ್ಕು ಸಲ ಫೋನ್ ಮಾಡಿದೆ. ಮೊದಲ ಸಲ ‘ಅಚ್ಛಾ ಅಚ್ಛಾ, ವಿಷಯ ತಿಳೀತು’ ಎಂದರು. ಎರಡನೇ ಸಲ, ಪ್ರಶಸ್ತಿ ಬಂದಿದೆಯಲ್ಲ, ಮತ್ತೇನು ತಕರಾರು ಎಂದರು. ಮೂರನೇ ಸಲ, ‘ನೋಡಿ ಸಾರ್, ಮಕ್ಕಳು ಮರೀತಾರೆ, ದೊಡ್ಡೋರು ಮರೀಬೇಕು’ ಎಂದು ತತ್ತ್ವ ಹೇಳಿದರು. ನಾಲ್ಕನೇ ಸಲ ಎತ್ತಲಿಲ್ಲ.

ಈಗ ನಿಜವಾಗಿ ಬೇಕಾದ್ದನ್ನು ಹೇಳುತ್ತೇನೆ, ಇದರಲ್ಲಿ ತಮಾಷೆ ಇಲ್ಲ. ಧಾರಿಣಿಯ ಅಸಲು ದನಿ ಯಶವಂತನ ಹತ್ತಿರ ಭದ್ರವಾಗಿದೆ. ಆ ದನಿಯಿರುವ ಚಿತ್ರವನ್ನು ಅದೇ ಸಭಾಂಗಣದಲ್ಲಿ, ಅದೇ ಜನರನ್ನು ಕರೆಸಿ, ಇನ್ನೊಂದು ಸಲ ತೋರಿಸಬೇಕು. ಹದಿನೆಂಟು ಗಟ್ಟಿ ‘ಳ’, ಮೂರು ಜಾರಿದ ‘ಳ’, ಎಲ್ಲವೂ ಇರಬೇಕು. ತೋರಿಸುವ ಮೊದಲು ತಾವೇ ಮೈಕಿನಲ್ಲಿ, ಹೋದ ಸಲ ಕೇಳಿದ್ದು ಯಂತ್ರದ ದನಿ, ಹಾಗೆ ಮಾಡಿಸಿದವನು ನಾನು, ಇದು ಮಗುವಿನ ದನಿ ಎಂದು ಹೇಳಬೇಕು. ‘ಹ’ ಬಿಟ್ಟುಹೋದರೂ ಚಿಂತೆಯಿಲ್ಲ, ತಮ್ಮ ಬಾಯಿಂದಲೇ ಬರಬೇಕು. ಶಾಲು ಬೇಡ, ಪೇಟ ಬೇಡ. ಸಭಾಂಗಣ ಸಿಗುವುದಿಲ್ಲ ಎನ್ನಬೇಡಿ. ನಮ್ಮ ತಾರಸಿ ಇದೆ, ಬಿಳಿ ಪಂಚೆ ಕಟ್ಟುತ್ತೇನೆ, ಆದರೆ ಅಲ್ಲಿಗೂ ತಾವು ನಾಲ್ಕು ಮಹಡಿ ಹತ್ತಿಕೊಂಡೇ ಬರಬೇಕು.

ತಮ್ಮ ಮೇಲೆ ಇನ್ನೂ ಚೂರುಪಾರು ವಿಶ್ವಾಸ ಉಳಿದಿರುವ ಮಟ್ಟಿಗೆ,
ತಮ್ಮ ವಿಶ್ವಾಸಿ,
ಚಂದ್ರಮೋಹನ
ನಿವೃತ್ತ ದಫ್ತರಿ, ಮುನಿರ್ಕಾ
ಮಾರ್ಚ್ ಮೂರು

ಮರೆತದ್ದಲ್ಲ, ಬೇಕೆಂದೇ ಕೆಳಗೆ ಬರೆದದ್ದು: ಅಂಚೆಗೆ ಹಾಕುವ ಮೊದಲು ಈ ಕಾಗದವನ್ನು ಧಾರಿಣಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು, ಯಂತ್ರಕ್ಕೆ ಸೀರೆ ಉಡಿಸುವಲ್ಲಿಯೂ ನಗಲಿಲ್ಲ. ಕೊನೆಗೆ, ‘ತಾರೀಖ್ ತೋ ಡಾಲೋ ತಾತಾ, ನಹೀಂ ತೋ ವೋ ಲೋಗ್ ಜವಾಬ್ ಹೀ ನಹೀಂ ದೇಂಗೇ’ ಎಂದಳು. ಗಡುವಿನ ತಾರೀಖು ಹಾಕದಿದ್ದರೆ ತಾವು ಉತ್ತರ ಕೊಡುವವರಲ್ಲ ಎಂಬುದು ಹತ್ತು ವರ್ಷದ ಮಗುವಿಗೂ ಗೊತ್ತಾಗಿದೆ, ಅದನ್ನೂ ಅವಳು ಹಿಂದಿಯಲ್ಲೇ ಹೇಳಿದಳು. ಮಾರ್ಚ್ ಹದಿನೈದು, ಭಾನುವಾರ, ಸಂಜೆ ಐದು ಗಂಟೆಯೊಳಗೆ ಉತ್ತರ ಬರಬೇಕು.